ಮೀಸೆ ಮೀನಿನ ಹೊಟ್ಟೆಗೆ ಮಸಿ ಬಳಿದ ಕತೆ

ಲೋಕ ಆಗ ಹೊಚ್ಚ ಹೊಸದು. ಎಷ್ಟು ಹೊಸದು ಅಂತೀಯಾ ಮಗು? ಬೆಟ್ಟದ ಮೇಲಿನ ಬಂಡೆಗಳು ಯಾರ ತಲೆಯ ಮೇಲೆ ಯಾರು ಕೂರಬೇಕು ಅಂತ ಇನ್ನೂ ಜಗಳವಾಡುತ್ತಿದ್ದವು. ಗಾಳಿ, ಎತ್ತ ಬೀಸಬೇಕೆಂದು ತಿಳಿಯದೆ, ದಿನಾ ಬೆಳಿಗ್ಗೆ ಹೊಳೆಯನ್ನು ಕೇಳಿಕೊಂಡು ಬೀಸುತ್ತಿತ್ತು. ಹೊಳೆಯೊಳಗಿನ ಕಲ್ಲುಗಳಿಗೆ ಇನ್ನೂ ನುಣುಪು ಬಂದಿರಲಿಲ್ಲ. ಒಡೆದ ಗಡಿಗೆಯ ಚೂರಿನ ಹಾಗೆ ಚೂಪು ಚೂಪು!

ಆ ಹೊಳೆಯನ್ನು ಎಲ್ಲರೂ ಹೊಳೆಯವ್ವ ಅನ್ನುತ್ತಿದ್ದರು. ನೀರಿನಲ್ಲಿ ಇರುವವರೆಲ್ಲ ಅವಳ ಮಕ್ಕಳು. ಅವಳು ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹರಿದ ನೀರು ಹಿಂದೆ ಬರುತ್ತದೆಯೇ? ಹಾಗೇ.

ಅಂಥ ಹೊಸ ಲೋಕದಲ್ಲೂ ಒಂದು ನಿಯಮ ಮಾತ್ರ ಗಟ್ಟಿಯಾಗಿತ್ತು. ಬೆನ್ನು ಮೇಲೆ, ಹೊಟ್ಟೆ ಕೆಳಗೆ. ಎಮ್ಮೆಗೂ ಹಾಗೇ, ಆಮೆಗೂ ಹಾಗೇ, ಮೀನಿಗೂ ಹಾಗೇ. ಸತ್ತ ಮೀನು ಮಾತ್ರ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅದಕ್ಕೇ ಹೊಳೆಯವ್ವ ಹದ್ದಿಗೆ ಒಂದು ಮಾತು ಕೊಟ್ಟಿದ್ದಳು.

“ಹೊಟ್ಟಿ ಮ್ಯಾಲಾದದ್ದು ನಿಂದು. ಬೆನ್ನು ಮ್ಯಾಲಿದ್ದದ್ದು ನಂದು.”

ಹದ್ದು ಒಪ್ಪಿಕೊಂಡಿತ್ತು. ನನಗೆ ಮೊದಲಿನಿಂದಲೂ ಈ ಹದ್ದಿನ ಮೇಲೆ ಸ್ವಲ್ಪ ಸಿಟ್ಟು. ಆದರೂ ನ್ಯಾಯವಾಗಿ ಹೇಳಬೇಕು. ಅದು ಜೀವ ಇದ್ದ ಮೀನಿಗೆ ಉಗುರು ತಾಗಿಸುತ್ತಿರಲಿಲ್ಲ. ದಿನವಿಡೀ ಮುಗಿಲಲ್ಲಿ ಸುತ್ತು ಹಾಕುತ್ತಾ, ನೀರಿನ ಮೇಲೆ ಎಲ್ಲಿ ಬೆಳ್ಳಗೆ ಹೊಟ್ಟೆ ಹೊಳೆಯುತ್ತದೆ ಅಂತ ನೋಡುತ್ತಿತ್ತು, ಅಷ್ಟೇ.

ಹೊಳೆಯ ದಂಡೆಯಲ್ಲಿ ಅಂಬಿಗರ ಹುಲಿಗೆವ್ವ ಇದ್ದಳು. ಲೋಕದ ಮೊಟ್ಟಮೊದಲ ಹರಿಗೋಲು ಹೆಣೆದವಳು ಅವಳೇ! ಬಿದಿರು ಸೀಳಿ, ದೊಡ್ಡ ಬುಟ್ಟಿಯ ಹಾಗೆ ದುಂಡಗೆ ಹೆಣೆದು, ಹೊರಗೆ ತೊಗಲು ಹೊದಿಸಿದಳು. ಆಮೇಲೆ ಒಲೆಯ ಮಸಿ, ಔಡಲೆಣ್ಣೆ, ಮರದ ರಾಳ, ಮೂರನ್ನೂ ಕಲಸಿ ತಳಕ್ಕೆ ಬಳಿದಳು. ನೀರಿಗೆ ಬಿಟ್ಟಳು. ಹರಿಗೋಲು ಗರಗರ ತಿರುಗಿತು, ಹುಲಿಗೆವ್ವ ಹುಟ್ಟು ಹಾಕಿದಳು, ಆಚೆ ದಡಕ್ಕೆ ಹೋಗಿಯೇಬಿಟ್ಟಳು! ಅವತ್ತು ಕಪ್ಪೆಗಳೆಲ್ಲ ಎದ್ದು ನಿಂತು ನೋಡಿದವಂತೆ.

ಹರಿಗೋಲಿನ ತಳ ಸವೆದಾಗ ಹುಲಿಗೆವ್ವ ಅದನ್ನು ದಂಡೆಗೆ ಎಳೆದು ಬೋರಲು ಹಾಕುತ್ತಿದ್ದಳು. ತಳ ಮುಗಿಲಿನ ಕಡೆಗೆ. ಅದಕ್ಕೆ ಹೊಸದಾಗಿ ಮಸಿ ಎಣ್ಣೆ ಬಳಿದು, ಸೊಂಟಕ್ಕೆ ಕೈ ಕೊಟ್ಟು ಎಲ್ಲರಿಗೂ ಹೇಳುತ್ತಿದ್ದಳು.

“ಒಣಗೋ ತನಕ ಯಾರೂ ತಿರುವಬ್ಯಾಡ್ರಿ!”

ಒಮ್ಮೆ ಅವಸರಪಟ್ಟು ಹಸಿ ತಳದ ಹರಿಗೋಲನ್ನು ನೀರಿಗೆ ಇಳಿಸಿ, ನಡುನೀರಿನಲ್ಲಿ ಮುಳುಗಿ, ಎಮ್ಮೆಯ ಬಾಲ ಹಿಡಿದು ದಡ ಸೇರಿದ್ದಳು. ಅಂದಿನಿಂದ ಅವಳಿಗೆ ಅದೇ ವೇದವಾಗಿತ್ತು.

ಅವಳಿಗೊಬ್ಬಳು ಮಗಳು, ಗಾಳೆವ್ವ. ಏಳು ವರ್ಷದವಳು. ಕಾಲು ನಿಂತಲ್ಲಿ ನಿಲ್ಲದ ಹುಡುಗಿ.

ಇನ್ನು ನಮ್ಮ ಮೀನು! ಬೆರಳುದ್ದದ ಪುಟ್ಟ ಮೀನು. ಬಾಯಿಯ ಸುತ್ತ ಆರು ಮೀಸೆ. ಎಲ್ಲರೂ ಅವನನ್ನು ಮೀಸೆಪ್ಪ ಅಂತ ಕರೆಯುತ್ತಿದ್ದರು. ಎಲ್ಲದರಲ್ಲೂ ಮೂಗು ತೂರಿಸುವವರನ್ನು ನೀನು ನೋಡಿರುತ್ತೀಯ. ಇವನು ಮೀಸೆ ತೂರಿಸುತ್ತಿದ್ದ. ಏಡಿಯ ಬಿಲದಲ್ಲಿ ಮೀಸೆ, ಆಮೆಯ ಚಿಪ್ಪಿನ ಸಂದಿಯಲ್ಲಿ ಮೀಸೆ, ಮೊಸಳೆ ಆಕಳಿಸಿದರೆ ಅದರ ಬಾಯಲ್ಲೂ ಮೀಸೆ!

ಹರಿಗೋಲು ನೀರಿಗೆ ಇಳಿದ ದಿನದಿಂದ ಮೀಸೆಪ್ಪನಿಗೆ ಬೇರೆ ಕೆಲಸವೇ ಇರಲಿಲ್ಲ. ಅದು ಈ ದಡದಿಂದ ಆ ದಡಕ್ಕೆ ಹೋದರೆ ಇವನೂ ಹೋಗುತ್ತಿದ್ದ. ಅದು ತಿರುಗಿದರೆ ಇವನೂ ತಿರುಗುತ್ತಿದ್ದ.

“ಏನಿದು? ಏನಿದು? ಮ್ಯಾಲ ಏನೈತಿ?” ಎಂದು ಕತ್ತು ಎತ್ತಲು ನೋಡುತ್ತಿದ್ದ. ಮೀನಿಗೆ ಕತ್ತು ಎಲ್ಲಿದೆ, ಪಾಪ.

ಹೀಗೇ ಒಂದು ದಿನ ಹಿಂದೆ ಹಿಂದೆ ಹೋಗಿ, ದಂಡೆಯ ತೆಳು ನೀರಿಗೆ ಬಂದುಬಿಟ್ಟ. ಕೆಳಗೆ ಆ ಚೂಪು ಕಲ್ಲುಗಳು. ಸರ್ರ್! ಹೊಟ್ಟೆ ಉದ್ದಕ್ಕೂ ತರಚಿಹೋಯಿತು. ಮೀಸೆಪ್ಪ ಕಲ್ಲುಗಳ ನಡುವೆ ಬಿದ್ದು ಕಿವಿರು ಬಡಿಯತೊಡಗಿದ.

ಗಾಳೆವ್ವ ಕಂಡಳು. ಅವಳ ಕೂಗು ಆಚೆ ದಡಕ್ಕೂ ಕೇಳಿತು.

“ಯವ್ವಾ! ಇಲ್ಲೊಂದು ಮೀನ ಐತಿ! ಹೊಟ್ಟಿ ತರಚೈತಿ, ಲಗೂ ಬಾ!”

ಹುಲಿಗೆವ್ವ ಹರಿಗೋಲು ಎಳೆಯುತ್ತಲೇ ಕೇಳಿದಳು. “ಯಾವ ಮೀನಲೇ ಅದು?”

“ಗೊತ್ತಿಲ್ಲವ್ವ. ಮೀಸಿ ಅದಾವು!”

“ಮೀಸಿ ಬಾಳ ಮೀನಿಗೆ ಇರತಾವು. ಎಣಿಸು.”

ಗಾಳೆವ್ವ ಮೂಗು ನೀರಿಗೆ ತಾಗುವಷ್ಟು ಬಗ್ಗಿ ಎಣಿಸಿದಳು. “ಎರಡು ಉದ್ದದ್ದು. ನಾಕು ಗಿಡ್ಡದ್ದು. ಗಿಡ್ಡದ್ದು ಬೇರಿನಂಗ ಕವಲೊಡದಾವು.”

“ಮೈಮ್ಯಾಲ ಹುರುಪಿ?”

“ಒಂದೂ ಇಲ್ಲ. ನುಣ್ಣಗೈತಿ. ಕಂದು ಕಂದು ಚುಕ್ಕಿ ಅದಾವು.”

“ಬೆನ್ನ ಮ್ಯಾಲ ಮುಳ್ಳು ಐತೇನು?”

“ಐ... ಹಾ! ಐತಿ! ಚುಚ್ಚೇಬಿಡ್ತು!”

“ಹಂಗಾರ ಕೈಲೆ ಹಿಡೀಬ್ಯಾಡ. ಬಲಿಯಾಗೂ ಹಿಡೀಬ್ಯಾಡ, ಮುಳ್ಳು ಸಿಕ್ಕೊಂಡು ಒದ್ದಾಡತೈತಿ. ಗಡಿಗ್ಯಾಗ ನೀರ ಸಮೇತ ಎತ್ತು.”

ಹೀಗೆ ಮೀಸೆಪ್ಪ ಗಡಿಗೆಯಲ್ಲಿ ಕೂತು ಹುಲಿಗೆವ್ವನ ಗುಡಿಸಲಿಗೆ ಬಂದ. ಅಂಗಳದಲ್ಲಿ ಒಂದು ಕಲ್ಲಿನ ಬಾನಿ ಇತ್ತು, ಎಮ್ಮೆಗೆ ನೀರು ಕುಡಿಸಲು ಕಡೆದದ್ದು. ಅದರೊಳಗೆ ಬಿಟ್ಟರು. ಎಮ್ಮೆ ಗೊಣಗಿತು. ಯಾರೂ ಕೇಳಿಸಿಕೊಳ್ಳಲಿಲ್ಲ.

ಹುಲಿಗೆವ್ವ ಬಗ್ಗಿ ಮೀನಿನ ಹೊಟ್ಟೆ ನೋಡಿದಳು. ನೋಡು ಮಗು, ಅವಳು ಹುಟ್ಟಿದಾಗಿನಿಂದ ಮೀನಿಗೆ ಮದ್ದು ಮಾಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಹರಿಗೋಲು ಒಂದೇ.

“ಏನಿಲ್ಲ, ತಳ ಸವದೈತಿ,” ಎಂದಳು.

ಮಸಿ ತಂದಳು. ಔಡಲೆಣ್ಣೆ ತಂದಳು. ರಾಳ ತಂದಳು. ಮೂರನ್ನೂ ಕಾಯಿಸಿ ಕಲಸಿ, ಆರಿಸಿ, ಕಿರುಬೆರಳಿನಿಂದ ಮೀಸೆಪ್ಪನ ಹೊಟ್ಟೆಗೆ ತೆಳ್ಳಗೆ ಬಳಿದಳು. ಮುಖಕ್ಕೆ ಮಸಿ ಬಳಿಸಿಕೊಂಡವರ ಕತೆಗಳು ಲೋಕದಲ್ಲಿ ಬೇಕಾದಷ್ಟಿವೆ. ಹೊಟ್ಟೆಗೆ ಬಳಿಸಿಕೊಂಡವನು ಇವನೊಬ್ಬನೇ. ಆಮೇಲೆ, ಹರಿಗೋಲನ್ನು ಹೇಗೆ ಮಾಡುತ್ತಿದ್ದಳೋ ಹಾಗೇ, ತಳ ಮುಗಿಲಿನ ಕಡೆಗೆ ಮಾಡಿ ಅವನನ್ನು ಬಾನಿಯಲ್ಲಿ ಅಂಗಾತ ಮಲಗಿಸಿದಳು.

“ಒಣಗೋ ತನಕ ತಿರುಗಬ್ಯಾಡ. ಕೇಳಿಸ್ತೇನು?”

“ಕೇಳಿಸ್ತವ್ವ,” ಎಂದ ಮೀಸೆಪ್ಪ.

ಉರಿ ಕಡಿಮೆಯಾಗಿತ್ತು. ತಂಪಾಗಿತ್ತು. ಅವನಿಗೆ ಅಷ್ಟು ಹಿತವಾಗಿ ಮುಟ್ಟಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹಾಗಾಗಿ ಹುಲಿಗೆವ್ವನ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿದ.

ಅಂದಿನಿಂದ ಗಾಳೆವ್ವನಿಗೆ ಹಬ್ಬ. ಎದ್ದರೆ ಬಾನಿ, ಕೂತರೆ ಬಾನಿ! ಆದರೆ ಮೀನು ಸಾಕುವುದು ಅವಳಿಗೇನು ಗೊತ್ತು? ಒಂದೊಂದೂ ತಪ್ಪು ಮಾಡಿಯೇ ಕಲಿತಳು.

ಮೊದಲ ದಿನ ನಡುಮಧ್ಯಾಹ್ನ ನುಚ್ಚು ತಂದು ಸುರಿದಳು. ಮೀಸೆಪ್ಪ ಬರಲೇ ಇಲ್ಲ, ನುಚ್ಚು ಕೊಳೆತು ನೀರು ನಾರಿತು. ಹೊತ್ತು ಇಳಿದು ನೆರಳು ಉದ್ದವಾದಾಗ ನೋಡಿದರೆ, ಅಗೋ! ಅಂಗಾತನೇ ಈಜಿಕೊಂಡು ಬಂದು, ನೀರಿನ ಮೇಲ್ಮೈಗೆ ಬಾಯಿ ಹಚ್ಚಿ, ಸೊಳ್ಳೆಮರಿಗಳನ್ನು ಒಂದೊಂದಾಗಿ ಹೀರುತ್ತಿದ್ದಾನೆ! ಅಂದಿನಿಂದ ಸಂಜೆ ಮಾತ್ರ ಊಟ, ಅದೂ ಚಿಟಿಕೆಯಷ್ಟು.

ಎರಡನೆಯ ಸಲ, ನೀರು ನಾರುತ್ತಿದೆಯಲ್ಲ ಅಂತ ಬಾನಿಯ ನೀರನ್ನೆಲ್ಲ ಚೆಲ್ಲಿ ತಣ್ಣನೆ ಹೊಸ ನೀರು ತುಂಬಿದಳು. ಮೀಸೆಪ್ಪನ ಆರೂ ಮೀಸೆ ಜೋತುಬಿದ್ದವು. ಗಾಳೆವ್ವ ಗಾಬರಿಯಾಗಿ ಅತ್ತೇಬಿಟ್ಟಳು.

ಬಾನಿಯ ಅಂಚಿನ ಮೇಲೆ ಕೂತಿದ್ದ ಕಪ್ಪೆ ಹೇಳಿತು. “ನಿನ್ನ ಮನಿನೇ ಕಿತ್ತು ಬ್ಯಾರೆ ಕಡೆ ಇಟ್ರ ನಿನಗ ಹೆಂಗಾಗತೈತಿ? ಸ್ವಲ್ಪ ತಗಿ, ಸ್ವಲ್ಪ ಹಾಕು. ಅವಸರ ಮಾಡಬ್ಯಾಡ.” ಆಮೇಲೆ ಗಾಳೆವ್ವ ಒಂದು ತಂಬಿಗೆ ತೆಗೆದು ಒಂದು ತಂಬಿಗೆ ಹಾಕುತ್ತಿದ್ದಳು, ಅದೂ ಬಿಸಿಲಿಗೆ ಇಟ್ಟು ಬೆಚ್ಚಗಾದ ನೀರು.

ಬಿಸಿಲು ಅವನಿಗೆ ಆಗುತ್ತಿರಲಿಲ್ಲ. ಒಡೆದ ಗಡಿಗೆಯೊಂದನ್ನು ಚೂಪು ಅಂಚು ತಿಕ್ಕಿ ಒಳಗಿಟ್ಟಳು. ಮರದ ಬೇರು ಇಟ್ಟಳು. ಅಗಲ ಎಲೆಯ ಬಳ್ಳಿ ಬಿಟ್ಟಳು. ಮೀಸೆಪ್ಪ ಎಲೆಯ ಕೆಳಗೆ ಹೊಟ್ಟೆ ಹಚ್ಚಿ ನಿಂತುಕೊಂಡು, ಎಲೆಯ ಅಡಿಯಲ್ಲಿ ಏನೇನಿದೆ ಅಂತ ಮೀಸೆಯಿಂದ ಸವರಿ ಸವರಿ ನೋಡುತ್ತಿದ್ದ. ಹೆಗಲ ರೆಕ್ಕೆ ಅಲ್ಲಾಡಿಸಿ “ಕಿರ್ರ್! ಕಿರ್ರ್!” ಎನ್ನುತ್ತಿದ್ದ. ಅದು ಅವನ ನಗು.

ಹೀಗೆ ಹತ್ತು ದಿನ ಕಳೆದವು. ಗಾಯ ಪೂರ್ತಿ ಮಾಯ್ದಿತ್ತು. ಮೀಸೆಪ್ಪ ಮಾತ್ರ ಅಂಗಾತನೇ.

ಹನ್ನೊಂದನೆಯ ದಿನ ಹದ್ದು ಮೇಲಿನಿಂದ ನೋಡಿತು. ಕಲ್ಲಿನ ಬಾನಿ. ಅದರೊಳಗೆ ಹೊಟ್ಟೆ ಮೇಲಾದ ಮೀನು! ರೆಕ್ಕೆ ಮಡಚಿ ಧೊಪ್ಪನೆ ಅಂಗಳಕ್ಕೆ ಇಳಿಯಿತು.

“ಸರಿಯವ್ವ ಹುಡುಗಿ. ನಂದು ನಾ ಒಯ್ಯತೀನಿ.”

ಗಾಳೆವ್ವ ಎರಡೂ ಕೈ ಚಾಚಿ ಬಾನಿಗೆ ಅಡ್ಡ ನಿಂತಳು. “ಅದು ಸತ್ತಿಲ್ಲ! ಜೀವಂತ ಐತಿ!”

“ಸತ್ತದ್ದು ನಂದು ಅಂತ ನಾ ಯಾವಾಗ ಅಂದೆ? ಹೊಟ್ಟಿ ಮ್ಯಾಲಾದದ್ದು ನಂದು. ಹೊಳಿಯವ್ವನ ಮಾತು ಅದು. ಬೇಕಾದ್ರ ಕೇಳು.”

ಗಾಳಿ ಓಡಿಹೋಗಿ ಹೊಳೆಯವ್ವನಿಗೆ ಸುದ್ದಿ ಮುಟ್ಟಿಸಿತು. ಹೊಳೆಯವ್ವ ದಂಡೆ ದಾಟಿ, ಅಂಗಳದ ತುದಿಯವರೆಗೆ ತೆಳ್ಳಗೆ ಹರಿದು ಬಂದಳು. ಬಾನಿಯನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು. ಮೀಸೆಪ್ಪ ಅವಳ ಮಗನೇ ಅಲ್ಲವೇ?

“ಮಾತು ಕೊಟ್ಟೀನಿ, ಹೌದು,” ಎಂದಳು. “ತಪ್ಪಾಕ ಬರೂದಿಲ್ಲ. ಆದರ ಹದ್ದಪ್ಪ, ನಾಳೆ ಹೊತ್ತು ಮುಳುಗೋ ತನಕ ತಡಿ. ನಡುಹೊಳ್ಯಾಗ ಎಲ್ಲಾರ ಎದುರಿಗೆ ಈ ಮೀನು ಒಂದು ಸರ್ತಿ ಬೆನ್ನು ಮ್ಯಾಲ ಮಾಡಿ ತೋರಸಲಿ. ತೋರಿಸಿದ್ರ ನಂದು. ಇಲ್ಲಾಂದ್ರ ನಿಂದು.”

“ಆತು,” ಎಂದಿತು ಹದ್ದು. ಅದಕ್ಕೆ ಒಂದು ದಿನದ ಹಸಿವು ದೊಡ್ಡದಲ್ಲ.

ಹದ್ದು ಹಾರಿಹೋದದ್ದೇ ತಡ, ಗಾಳೆವ್ವ ಬಾನಿಯೊಳಗೆ ಮುಖ ಇಟ್ಟು ಕೂಗಿದಳು. “ತಿರುಗೋ ಮೀಸೆಪ್ಪ! ಈಗಲೇ ತಿರುಗು!”

“ಇನ್ನೂ ಒಣಗಿಲ್ಲಲ್ಲ,” ಎಂದ ಮೀಸೆಪ್ಪ.

ಇದನ್ನು ಕೇಳಿ ಬೇಲಿಯ ಪಕ್ಕದ ಆಮೆಯಜ್ಜ ನಕ್ಕಿತು ನೋಡು! ನಕ್ಕು ನಕ್ಕು ಚಿಪ್ಪಿನೊಳಗೆ ತಲೆ ಸಿಕ್ಕಿಕೊಂಡಿತು. “ಏ ಹುಲಿಗೆವ್ವ! ನೀರಾಗ ಇಟ್ಟಿದ್ದು ಯಾವ ಕಾಲಕ್ಕ ಒಣಗತೈತಿ?”

ಹುಲಿಗೆವ್ವ ಹಣೆ ಹಣೆ ಚಚ್ಚಿಕೊಂಡಳು. ಹರಿಗೋಲು ದಂಡೆಯ ಮೇಲೆ ಒಣಗುತ್ತದೆ. ಮೀನನ್ನು ದಂಡೆಯ ಮೇಲೆ ಇಡಲಾದೀತೇ? ಹತ್ತು ದಿನದಿಂದ ಅದು ಅವಳಿಗೆ ಹೊಳೆದೇ ಇರಲಿಲ್ಲ. “ನನ್ನ ಬುದ್ಧಿಗಿಷ್ಟು! ತಿರುಗಪ್ಪಾ, ತಿರುಗು. ಒಣಗದಿದ್ರೂ ಅಡ್ಡಿಯಿಲ್ಲ.”

ಮೀಸೆಪ್ಪ ತಿರುಗಿದ. ಬುಳುಕ್! ಹೊಟ್ಟೆ ಮತ್ತೆ ಮೇಲೆ ಬಂತು. ಮತ್ತೆ ತಿರುಗಿದ. ಬುಳುಕ್! ಎಣ್ಣೆ ಎಂದಾದರೂ ನೀರಿನ ಕೆಳಗೆ ನಿಂತದ್ದುಂಟೇ ಮಗು? ಎಣ್ಣೆ ಬಳಿದ ಹೊಟ್ಟೆ ಮೇಲಕ್ಕೇ ಏಳುತ್ತಿತ್ತು. ಸೀಗೆಪುಡಿ ಹಾಕಿ ಮೆತ್ತಗೆ ಉಜ್ಜಿದರೂ ರಾಳ ಅಲ್ಲಾಡಲಿಲ್ಲ. ಹುಲಿಗೆವ್ವ ಬಳಿದ ತಳ ಅಂದರೆ ಹಾಗೇ, ಒಂದು ಮಳೆಗಾಲಕ್ಕೆ ಬಿಡುವಂಥದ್ದಲ್ಲ.

ಹುಲಿಗೆವ್ವ ಅಂಗಳದಲ್ಲಿ ಕುಸಿದು ಕೂತಳು. ಅವಳ ಕಣ್ಣಲ್ಲಿ ನೀರು. “ಉಳಸಾಕ ಹೋಗಿ ನಾನೇ ಕೊಂದಂಗಾತಲ್ಲ,” ಎಂದಳು. ಗಾಳೆವ್ವ ಅವ್ವನ ಪಕ್ಕದಲ್ಲಿ ಒತ್ತಿಕೊಂಡು ಕೂತಳು.

ಮರುದಿನ ಹೊತ್ತು ಇಳಿಯುವ ಹೊತ್ತಿಗೆ ಹರಿಗೋಲು ನಡುಹೊಳೆಗೆ ಬಂತು. ಹುಲಿಗೆವ್ವನ ಕೈಯಲ್ಲಿ ಹುಟ್ಟು. ಗಾಳೆವ್ವನ ತೊಡೆಯ ಮೇಲೆ ಗಡಿಗೆ, ಗಡಿಗೆಯಲ್ಲಿ ಮೀಸೆಪ್ಪ. ಹರಿಗೋಲಿನ ಅಂಚಿನ ಮೇಲೆ ಹದ್ದು. ಸುತ್ತ ನೀರಿನಿಂದ ತಲೆ ಎತ್ತಿ ಎಲ್ಲ ಮೀನು, ಎಲ್ಲ ಕಪ್ಪೆ, ಎಲ್ಲ ಆಮೆ!

“ತಿರುಗು ಮಗನ,” ಎಂದಳು ಹೊಳೆಯವ್ವ.

ಮೀಸೆಪ್ಪ ತಿರುಗಿದ. ಬುಳುಕ್.

ತಿರುಗಿದ. ಬುಳುಕ್.

ಸೂರ್ಯ ಬೆಟ್ಟದ ನೆತ್ತಿ ಮುಟ್ಟಿದ. ಹದ್ದು ಕೊಕ್ಕು ಮಸೆಯಿತು. ಹುಲಿಗೆವ್ವನ ಕಣ್ಣು ಗಡಿಗೆಯ ಮೇಲೇ ಇತ್ತು. ಕೈ ಹುಟ್ಟನ್ನು ಮರೆತಿತ್ತು. ಹುಟ್ಟು ಮರೆತ ಹರಿಗೋಲು ಸುಮ್ಮನಿರುತ್ತದೆಯೇ? ಗರಗರ ತಿರುಗುತ್ತಾ ಹೊಳೆಯ ನಡುವಿನ ಬಂಡೆಗಳ ಕಡೆಗೆ ಹೋಯಿತು. ಆ ಕಾಲದ ಹೊಳೆಯ ಕಲ್ಲುಗಳೆಲ್ಲ ಚೂಪು ಅಂತ ಹೇಳಿದೆನಲ್ಲ!

ಚರ್ರ್!

ತಳ ಹರಿಯಿತು. ಬುಗ್ಗೆಯ ಹಾಗೆ ನೀರು ಒಳಗೆ ನುಗ್ಗಿತು. ಹರಿಗೋಲು ಒಂದು ಕಡೆ ವಾಲಿತು. ಗಡಿಗೆ ಉರುಳಿ, ಮೀಸೆಪ್ಪ ಹೊಳೆಗೆ ಬಿದ್ದ. ಹದ್ದು ರೆಕ್ಕೆ ಬಡಿದು ಮೇಲೆದ್ದಿತು.

“ತೂತು ಎಲ್ಲಿ ಐತಲೇ?” ಹುಲಿಗೆವ್ವ ಚೀರಿದಳು. ಕೆಳಗೆ ಹಾಸಿದ ಹುಲ್ಲೆಲ್ಲ ತೇಲುತ್ತಿತ್ತು. ಮೊಣಕಾಲವರೆಗೆ ಕದಡಿದ ನೀರು. ಇಬ್ಬರೂ ಕೈಯಿಂದ ತಡಕಿದರು. ಇಲ್ಲಿ ಇಲ್ಲ. ಅಲ್ಲಿ ಇಲ್ಲ. ನೀರು ಗಾಳೆವ್ವನ ಸೊಂಟಕ್ಕೆ ಬಂತು. ನಡುಹೊಳೆಯ ಸೆಳವಿಗೆ ಆ ಹುಡುಗಿ ಸಿಕ್ಕರೆ ಏನು ಗತಿ? ಹೇಳಲು ನನಗೇ ಎದೆ ಹೊಡೆದುಕೊಳ್ಳುತ್ತದೆ.

ಹೊಳೆಯವ್ವ ತನ್ನ ಮಕ್ಕಳನ್ನೆಲ್ಲ ಕೂಗಿದಳು. “ತೂತು ಹುಡುಕ್ರೋ!” ಮೀನುಗಳು ಹರಿಗೋಲಿನ ಕೆಳಗೆ ನುಗ್ಗಿದವು. ಆದರೆ ಬೆನ್ನು ಮೇಲೆ ಮಾಡಿದ ಮೀನಿಗೆ ತಲೆಯ ಮೇಲೆ ಇರುವುದು ಕಂಡೀತೇ? ಅವಕ್ಕೆ ಕಂಡದ್ದು ಕೆಳಗಿನ ಮರಳು ಮಾತ್ರ.

ಇನ್ನು ಮೀಸೆಪ್ಪ. ಅವನು ಓಡಿಹೋಗಬಹುದಿತ್ತು. ಹೊಳೆ ಅಗಲವಾಗಿತ್ತು, ಅಡಗಲು ಬೇಕಾದಷ್ಟು ಪೊಟರೆಗಳಿದ್ದವು. ಮೇಲೆ ಹದ್ದು ಸುತ್ತುತ್ತಿತ್ತು. ಓಡಿಹೋಗಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವನು ಮಾತ್ರ ನೇರ ಹರಿಗೋಲಿನ ಅಡಿಗೇ ಹೋದ, ಹೊಟ್ಟೆ ಮೇಲೆ, ಕಣ್ಣು ಮೇಲೆ! ಎಲೆಯ ಅಡಿಯನ್ನು ಹೇಗೆ ಸವರಿ ನೋಡುತ್ತಿದ್ದನೋ ಹಾಗೇ ಆರು ಮೀಸೆಯಿಂದ ಕಪ್ಪು ತಳವನ್ನು ಸವರಿದ. ಈ ಕಡೆಯಿಂದ ಆ ಕಡೆಗೆ. ಆ ಕಡೆಯಿಂದ ಈ ಕಡೆಗೆ. ಸಿಕ್ಕಿತು!

ತೂತಿನ ಪಕ್ಕ ಬಾಯಿಂದ ಕಚ್ಚಿ ಹಿಡಿದು, ಹೆಗಲ ರೆಕ್ಕೆ ಅಲ್ಲಾಡಿಸಿದ.

“ಕಿರ್ರ್! ಕಿರ್ರ್! ಕಿರ್ರ್!”

ಗಾಳೆವ್ವ ನೀರಿನಲ್ಲಿ ಕಿವಿ ಅದ್ದಿದಳು. “ಯವ್ವಾ, ಮೀಸೆಪ್ಪ! ಇಲ್ಲಿ ಕೂಗಾಕತ್ತಾನ! ನನ್ನ ಎಡಗಾಲ ಹತ್ತಿರ!”

ಹುಲಿಗೆವ್ವ ಸೊಂಟದಲ್ಲಿ ಕಟ್ಟಿಕೊಂಡಿದ್ದ ರಾಳದ ಉಂಡೆಯನ್ನು ಸೆರಗಿನ ಚೂರಿನಲ್ಲಿ ಸುತ್ತಿ, ಎಡಗಾಲಿನ ಹತ್ತಿರ ತುರುಕಿ, ಹಿಮ್ಮಡಿಯಿಂದ ಒತ್ತಿದಳು. ಬುಗ್ಗೆ ನಿಂತಿತು! ಗಾಳೆವ್ವ ಗಡಿಗೆಯಿಂದ ನೀರು ಮೊಗೆದು ಮೊಗೆದು ಚೆಲ್ಲಿದಳು. ಹರಿಗೋಲು ನಿಧಾನವಾಗಿ ಮೇಲೆದ್ದಿತು. ಕಪ್ಪೆಗಳು ಕೂಗಿದ ಕೂಗಿಗೆ ಬೆಟ್ಟದ ಬಂಡೆಗಳು ಜಗಳ ನಿಲ್ಲಿಸಿ ತಿರುಗಿ ನೋಡಿದವು.

ಆದರೆ ಹದ್ದು ಹೋಗಿರಲಿಲ್ಲ.

“ಒಳ್ಳೇದಾತು, ಎಲ್ಲಾರೂ ಉಳಿದ್ರಿ,” ಎಂದಿತು. “ಆದರ ಹೊಳಿಯವ್ವ, ಹೊತ್ತು ಮುಳುಗಾಕತ್ತೈತಿ. ಮೀನು ತಿರುಗಲಿಲ್ಲ. ಮಾತು ಏನಾತು?”

ಎಲ್ಲರೂ ಹೊಳೆಯವ್ವನ ಮುಖ ನೋಡಿದರು. ಹೊಳೆಯವ್ವ ಹರಿಗೋಲನ್ನು ಒಂದು ಸುತ್ತು ಬಳಸಿ ಹರಿದು ಹೇಳಿದಳು.

“ನನ್ನ ಮಾತು ಮಾತ. ಹೊಟ್ಟಿ ಮ್ಯಾಲಾದದ್ದು ನಿಂದು. ಅಲ್ಲೇ ಅದಾನ ನೋಡು. ತಗೋ.”

“ಹೊಳಿಯವ್ವಾ!” ಗಾಳೆವ್ವ ಕಿರುಚಿದಳು.

ಹದ್ದು ನೋಡಿತು. ಸಂಜೆಯ ಹೊಳೆ ಕಪ್ಪಗೆ ಹರಿಯುತ್ತಿತ್ತು. ಎಲ್ಲಿದೆ ಹೊಟ್ಟೆ? ಹದ್ದಿಗೆ ಗೊತ್ತಿದ್ದದ್ದು ಬಿಳೀ ಹೊಟ್ಟೆ, ಮೇಲಿನಿಂದ ಮಿಂಚುವ ಹೊಟ್ಟೆ. ಬಾನಿಯ ತಿಳಿನೀರಿನಲ್ಲಿ ಕಂಡಿದ್ದವನು ಹೊಳೆಯ ಕಪ್ಪು ನೀರಿನಲ್ಲಿ ಕಾಣಲೇ ಇಲ್ಲ. ಹುಲಿಗೆವ್ವ ಬಳಿದ ಮಸಿ ನೀರಿನ ಕಪ್ಪಿನೊಳಗೆ ಸೇರಿಹೋಗಿತ್ತು.

ಹದ್ದು ಎರಗಿತು. ಉಗುರಿನಲ್ಲಿ ಒಂದು ಕೊಳೆತ ಎಲೆ.

ಮತ್ತೆ ಎರಗಿತು. ಒಂದು ಮರದ ಚಕ್ಕೆ.

ಮೂರನೆಯ ಸಲ ಆಮೆಯಜ್ಜನ ಚಿಪ್ಪಿಗೆ ಹೊಡೆದು ಉಗುರು ನೋಯಿಸಿಕೊಂಡಿತು. “ಏಯ್, ನಾನಪ್ಪಾ ನಾನು!” ಎಂದಿತು ಆಮೆಯಜ್ಜ.

“ನನ್ನ ಮೀನು ಎಲ್ಲಿ?” ಎಂದು ಹದ್ದು ಅರಚಿತು.

“ಕೊಟ್ಟೀನಲ್ಲ,” ಎಂದಳು ಹೊಳೆಯವ್ವ. “ಕಂಡ್ರ ತಗೋ. ಕಾಣದಿದ್ರ ನಾ ಏನು ಮಾಡ್ಲಿ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹದ್ದಿನದು ಅದೇ ಪಾಡು. ಕೊನೆಗೆ ಗೊಣಗುತ್ತಾ ಹಾರಿಹೋಯಿತು. ಗಾಳೆವ್ವ ಹರಿಗೋಲಿನಲ್ಲೇ ಕುಣಿದಳು. ಹುಲಿಗೆವ್ವ ಒಂದು ಕೈಯಲ್ಲಿ ಅವಳನ್ನು ಹಿಡಿದು, ಇನ್ನೊಂದು ಕೈಯಲ್ಲಿ ಹುಟ್ಟು ಹಿಡಿದು, ಅಳುತ್ತಾ ನಗುತ್ತಾ ದಡ ಸೇರಿಸಿದಳು.

ದಂಡೆಯಲ್ಲಿ ನೀರಿಗೆ ಕೈ ಇಳಿಬಿಟ್ಟು ಹುಲಿಗೆವ್ವ ಕರೆದಳು. “ಬಾರಪ್ಪ ಮೀಸೆಪ್ಪ. ನಿನ್ನ ಋಣ ದೊಡ್ಡದು. ಎಷ್ಟ ದಿನ ಹಿಡೀಲಿ, ದಿನಾ ಸೀಗಿ ಹಚ್ಚಿ ಉಜ್ಜಿ ಆ ಮಸಿ ಬಿಡಸತೀನಿ. ಎಲ್ಲಾರಂಗ ನೆಟ್ಟಗ ಈಜಾಡುವಂತಿ.”

ಮೀಸೆಪ್ಪ ಅವಳ ಅಂಗೈ ಮೇಲೆ ಬಂದು ನಿಂತ, ಅಂಗಾತನೇ. ಮೊದಲು ಅವನು ಕಂಡದ್ದು ಬರೀ ನೆಲ. ಮರಳು, ಕಲ್ಲು, ಮತ್ತೆ ಮರಳು. ಈಗ ಎಲೆಯ ಅಡಿಯ ಬಸವನಹುಳುವಿನ ಮೊಟ್ಟೆ ಕಾಣುತ್ತಿತ್ತು. ನೀರಿನಾಚೆ ನಡುಗುವ ಮುಗಿಲು ಕಾಣುತ್ತಿತ್ತು. ದಿನಾ ಸಂಜೆ ಬಾನಿಯ ಮೇಲೆ ಬಗ್ಗುವ ಗಾಳೆವ್ವನ ಮುಖ, ಉದುರಿದ ಅವಳ ಮುಂದಿನ ಹಲ್ಲು, ಎಲ್ಲ ಕಾಣುತ್ತಿತ್ತು. ಅವನಿಗೆ ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆದರೆ ಹುಲಿಗೆವ್ವನ ಮನಸ್ಸು ನೋಯಿಸುವುದೂ ಬೇಡ.

“ಬ್ಯಾಡವ್ವ,” ಎಂದ ಮೆಲ್ಲಗೆ. “ನೀನೇ ಹೇಳೀಯಲ್ಲ. ಇನ್ನೂ ಒಣಗಿಲ್ಲ.”

ಹುಲಿಗೆವ್ವ ಅವನನ್ನೇ ನೋಡಿದಳು. ನೀರಿನಲ್ಲಿ ಅದು ಎಂದೂ ಒಣಗುವುದಿಲ್ಲ ಅಂತ ಅವಳಿಗೂ ಗೊತ್ತು, ಅವನಿಗೂ ಗೊತ್ತು.

“ಹೌದಪ್ಪ,” ಎಂದಳು. “ಒಣಗೋ ತನಕ ಹಂಗ ಇರು.”

ಮರುದಿನ ಬೆಳಿಗ್ಗೆ ಹುಲಿಗೆವ್ವ ಬಾಗಿಲು ತೆಗೆದರೆ ಏನು ಗಲಾಟೆ ಅಂತೀಯ! ಮೀಸೆಪ್ಪನ ಅಣ್ಣ, ತಮ್ಮ, ಅಕ್ಕ, ತಂಗಿ, ಚಿಕ್ಕಪ್ಪ, ದೊಡ್ಡಮ್ಮ, ಅವನ ಬಳಗದ ಮೀಸೆ ಮೀನುಗಳೆಲ್ಲ ದಂಡೆಯ ನೀರಿನಲ್ಲಿ ಸಾಲುಗಟ್ಟಿ ನಿಂತಿದ್ದವು. “ನಮಗೂ ಬಳೀರಿ! ನಮಗೂ ಬಳೀರಿ!” ಹುಲಿಗೆವ್ವನ ಕಿರುಬೆರಳು ಸಂಜೆಯವರೆಗೆ ಬಿಡುವು ಕಾಣಲಿಲ್ಲ. ಬಾನಿಯಲ್ಲಿ ಒಂಟಿಯಾಗಿದ್ದ ಮೀಸೆಪ್ಪನಿಗೆ ಆಮೇಲೆ ಒಂಟಿತನವೂ ಉಳಿಯಲಿಲ್ಲ.

ಈ ಮೀನು ದೂರದೇಶದ ಹೊಳೆಯದು ಅಂತ ಸಾಕುಮೀನು ಮಾರುವ ಅಂಗಡಿಯವರು ಹೇಳುತ್ತಾರೆ. ಇರಬಹುದು ಮಗು. ಲೋಕ ಹೊಸದಾಗಿದ್ದಾಗ ಹೊಳೆಗಳಿಗೆ ದೇಶ ಗೀಶ ಇರಲಿಲ್ಲ. ಎಲ್ಲವೂ ಅಕ್ಕತಂಗಿಯರು, ಒಬ್ಬರ ಮಕ್ಕಳು ಇನ್ನೊಬ್ಬರ ಮನೆಗೆ ಹೋಗಿ ಇದ್ದುಬಿಡುತ್ತಿದ್ದರು.

ಅದಕ್ಕೇ ಇವತ್ತಿಗೂ ಗಾಜಿನ ತೊಟ್ಟಿಯಲ್ಲಿ ಕಪ್ಪು ಹೊಟ್ಟೆಯ ಪುಟ್ಟ ಮೀಸೆ ಮೀನೊಂದು ಎಲೆಯ ಕೆಳಗೆ ಅಂಗಾತ ನಿಂತಿದ್ದರೆ, ಸತ್ತುಹೋಯಿತು ಅಂತ ಕೂಗಿ ಎತ್ತಿ ಎಸೆಯಬೇಡ. ಸಂಜೆ ತೊಟ್ಟಿಯ ಮೇಲೆ ಮುಖ ಬಗ್ಗಿಸಿ ನಿಂತು ನೋಡು, ಅದು ಮೀಸೆ ಅಲ್ಲಾಡಿಸುತ್ತಾ ನಿನ್ನ ಮುಖವನ್ನೇ ನೋಡುತ್ತಿರುತ್ತದೆ.